ಗೆಳೆಯನಿಗೊಂದು ಪತ್ರ: ಓಕೆಫೆನೋಕಿಗೆ ಜುಲೈ ಬೇಡ, ಶಿವರಾತ್ರಿಗೆ ಹೋಗೋಣ

ಪ್ರಿಯ ಶ್ರೀಧರ,

ಎರಡೂ ಮನೆಯವರು ಕೂಡಿ ಅಮೆರಿಕದ ಜಾರ್ಜಿಯಾ ರಾಜ್ಯದ ಓಕೆಫೆನೋಕಿ ಜವುಗು ಪ್ರದೇಶದಲ್ಲಿ ಒಂದು ಕ್ಯಾಬಿನ್ ಹಿಡಿದು ಕೆಲವು ದಿನ ಇದ್ದು ಬರೋಣವೆಂದು ನೀನು ಬರೆದದ್ದನ್ನು ಓದಿ ಬಹಳ ಸಂತೋಷವಾಯಿತು. ಜಾಗದ ವಿಷಯದಲ್ಲಿ ನನ್ನದು ಎರಡು ಮಾತಿಲ್ಲ. ಆದರೆ ನೀನು ಸೂಚಿಸಿರುವ ಜುಲೈ ತಿಂಗಳನ್ನು ಮಾತ್ರ ದಯವಿಟ್ಟು ಕೈಬಿಡು. ಮಕ್ಕಳ ರಜೆಗೆ ಅದು ಅನುಕೂಲವೆಂಬುದು ನಿಜವಾದರೂ, ಆ ಹೊತ್ತಿನಲ್ಲಿ ಅಲ್ಲಿಯ ಬಿಸಿಲು ಮೂವತ್ತಮೂರು ಡಿಗ್ರಿ ಮುಟ್ಟುತ್ತದೆ, ಬೆವರು ಆರುವುದೇ ಇಲ್ಲ, ಮಧ್ಯಾಹ್ನವಾದ ಮೇಲೆ ಗುಡುಗು ಸಿಡಿಲಿನ ಮಳೆ ಮೇಲಿಂದ ಮೇಲೆ ಬರುತ್ತಿರುತ್ತದೆ. ಸಿಡಿಲು ಹೊಡೆಯುವಾಗ ತೆರೆದ ನೀರಿನ ನಡುವೆ ದೋಣಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡಿರುವುದನ್ನು ನೆನೆಸಿಕೊಂಡರೇ ನನಗೆ ಭಯವಾಗುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಹೂವುಗಳಿರುತ್ತವೆ, ಮೊಸಳೆ ಜಾತಿಯ ಗಂಡು ಅಲಿಗೇಟರ್‌ಗಳು ಗುಟುರು ಹಾಕುವುದೂ ಕೇಳಿಸುತ್ತದೆ. ಆದರೆ ಮೇ ಬಂತೆಂದರೆ ಕಚ್ಚುವ ಹಳದಿ ನೊಣಗಳ ಕಾಟವೂ ಶುರುವಾಗುತ್ತದೆ.

ನನ್ನ ಸಲಹೆ ಮಾರ್ಚ್ ತಿಂಗಳ ಮೊದಲ ವಾರ. ಕಾರಣ ಹವಾಮಾನವೊಂದೇ ಅಲ್ಲ. ನಾವು ಉಳಿಯಬೇಕಾದದ್ದು ಪಶ್ಚಿಮ ದಿಕ್ಕಿನ ಸ್ಟೀಫನ್ ಸಿ. ಫಾಸ್ಟರ್ ಸ್ಟೇಟ್ ಪಾರ್ಕಿನಲ್ಲಿ. ಅತ್ಯಂತ ಸಮೀಪದ ಊರಾದ ಫಾರ್ಗೋ ಸುಮಾರು 29 ಕಿಲೋಮೀಟರ್ ದೂರದಲ್ಲಿದೆ, ಅದೂ ತೀರಾ ಚಿಕ್ಕ ಊರು. ಹೀಗಾಗಿ ಆಕಾಶಕ್ಕೆ ಊರಿನ ಬೆಳಕು ಸೋಕುವುದು ಬಹಳ ಕಡಿಮೆ. 2016ರಲ್ಲಿ ಈ ಪಾರ್ಕಿಗೆ ಅಂತರರಾಷ್ಟ್ರೀಯ ಡಾರ್ಕ್ ಸ್ಕೈ ಪಾರ್ಕ್ ಎಂಬ ಮಾನ್ಯತೆಯೂ ಸಿಕ್ಕಿತು. ಇಂಥ ಆಕಾಶವನ್ನು ನೋಡಲು ಅಮಾವಾಸ್ಯೆಯ ಆಸುಪಾಸಿನ ರಾತ್ರಿಯೇ ಬೇಕು. 2027ರ ಶಿವರಾತ್ರಿ ಮಾರ್ಚ್ 6ರ ಶನಿವಾರ ಬಂದಿದೆ, ಎರಡು ದಿನ ಕಳೆದರೆ ಅಮಾವಾಸ್ಯೆ. ಹೇಗೂ ಜಾಗರಣೆಯ ರಾತ್ರಿ. ಕತ್ತಲಾಗುತ್ತಲೇ ಮಹಾವ್ಯಾಧ ನಕ್ಷತ್ರಪುಂಜ ದಕ್ಷಿಣದಲ್ಲಿ ಎತ್ತರಕ್ಕೆ ನಿಂತಿರುತ್ತದೆ. ಎದ್ದಿರುವವರಿಗೆ ಬೆಳಗಿನ ಜಾವ ವೃಶ್ಚಿಕದ ಬೆನ್ನ ಹಿಂದೆ ಆಕಾಶಗಂಗೆಯ ದಟ್ಟವಾದ ಭಾಗ ಆಗ್ನೇಯದಲ್ಲಿ ಮೇಲೇರುವುದು ಕಾಣಿಸುತ್ತದೆ. ನಿನ್ನ ತಾಯಿಯವರಿಗೆ ಇದಕ್ಕಿಂತ ಒಳ್ಳೆಯ ಶಿವರಾತ್ರಿಯನ್ನು ನಾವು ಈ ದೇಶದಲ್ಲಿ ಮಾಡಿಸಲಾರೆವು ಎಂದು ನನಗೆ ತೋರುತ್ತದೆ.

ಅಲ್ಲಿರುವುದು ಒಂಬತ್ತೇ ಕಾಟೇಜುಗಳು. ಹದಿಮೂರು ತಿಂಗಳು ಮೊದಲೇ ಕಾಯ್ದಿರಿಸಲು ಅವಕಾಶವಿರುವುದರಿಂದ ವಾರಾಂತ್ಯದ ದಿನಗಳು ಬೇಗನೆ ತುಂಬಿಹೋಗುತ್ತವೆ. ಗುಡಾರದ ಮಾತನ್ನೂ ನೀನು ಎತ್ತಿದ್ದೀಯೆ. ನಾವಿಬ್ಬರೇ ಆಗಿದ್ದರೆ ನಾನು ಒಪ್ಪುತ್ತಿದ್ದೆ. ಆದರೆ ಮಾರ್ಚಿನ ರಾತ್ರಿ ಹತ್ತು ಡಿಗ್ರಿಗಿಂತ ಕೆಳಗಿಳಿಯುವುದುಂಟು, ಮಂಡಿನೋವಿರುವ ಹಿರಿಯರಿಗೆ ಮಂಚ, ಹೀಟರ್, ಒಲೆ, ಫ್ರಿಜ್ ಇರುವ ಕಾಟೇಜೇ ಸರಿ. ಪಾತ್ರೆ, ಹಾಸಿಗೆ ಬಟ್ಟೆಗಳೆಲ್ಲ ಅಲ್ಲಿಯೇ ಇರುತ್ತವೆ. ದಿನಸಿ, ಹಾಲು, ತರಕಾರಿಗಳನ್ನು ಮಾತ್ರ ನೀನು ವಿಮಾನ ಇಳಿಯುವ ಜಾಕ್ಸನ್‌ವಿಲ್‌ನಲ್ಲಿಯೇ ಕೊಂಡುಬಿಡಬೇಕು. ಅಲ್ಲಿಂದ ಸುಮಾರು ಎರಡು ಗಂಟೆಯ ದಾರಿ. ಪಾರ್ಕು ವನ್ಯಜೀವಿ ಧಾಮದ ಒಳಗಿರುವುದರಿಂದ ರಾತ್ರಿ ಗೇಟು ಮುಚ್ಚುತ್ತಾರೆ. ಆದ್ದರಿಂದ ಕತ್ತಲಾಗುವುದಕ್ಕೆ ಮೊದಲೇ ತಲುಪುವಂತೆ ವಿಮಾನ ನೋಡಿಕೋ. ಮೊಬೈಲ್ ಸಿಗ್ನಲ್ಲನ್ನು ನಂಬಬೇಡ, ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೋ.

ಇನ್ನು ದೋಣಿಯ ಮಾತು. ನನಗೆ ಅತ್ಯಂತ ಮುಖ್ಯವಾದದ್ದು ಇದೇ. ಪಾರ್ಕಿನಲ್ಲಿ ಕೆನೂ ದೋಣಿಗಳೂ ಚಿಕ್ಕ ಮೋಟಾರಿನ ದೋಣಿಗಳೂ ಬಾಡಿಗೆಗೆ ಸಿಗುತ್ತವೆ; ಹತ್ತು ಅಶ್ವಶಕ್ತಿಗಿಂತ ಹೆಚ್ಚಿನ ಮೋಟಾರಿಗೆ ಅನುಮತಿಯಿಲ್ಲ. ಚಿಕ್ಕ ಕಾಲುವೆಯಿಂದ ಬಿಲ್ಲೀಸ್ ಲೇಕ್ ಎಂಬ ಉದ್ದನೆಯ ಕೆರೆಗೆ ಬಂದರೆ ನೀರು ಹಾಲು ಬೆರೆಸದ ಚಹಾದ ಬಣ್ಣದ್ದು. ಲೋಟದಲ್ಲಿ ಎತ್ತಿ ನೋಡಿದರೆ ಅದು ಕೊಳೆಯಲ್ಲವೆಂಬುದು ಗೊತ್ತಾಗುತ್ತದೆ: ನೀರು ತಿಳಿಯಾಗಿಯೇ ಇರುತ್ತದೆ, ಕೊಳೆತ ಎಲೆಗಳಿಂದಲೂ ಪೀಟ್ ಎಂಬ ಅರೆಕೊಳೆತ ಸಸ್ಯಗಳ ಪದರದಿಂದಲೂ ಬಿಟ್ಟ ಟ್ಯಾನಿನ್ ಎಂಬ ಒಗರು ಪದಾರ್ಥ ಅದಕ್ಕೆ ಕಂದು ಬಣ್ಣ ಕೊಟ್ಟು ಹುಳಿಯಾಗಿಸಿರುತ್ತದೆ. ಗಾಳಿಯಿಲ್ಲದ ಬೆಳಿಗ್ಗೆ ಸೈಪ್ರೆಸ್ ಮರಗಳೂ ಅವುಗಳಿಂದ ಜೋತುಬಿದ್ದ ಸ್ಪ್ಯಾನಿಷ್ ಮಾಸ್ ಎಂಬ ಬೂದು ಎಳೆಗಳೂ ಆ ಕಪ್ಪು ನೀರಿನಲ್ಲಿ ತಲೆಕೆಳಗಾಗಿ ಅಚ್ಚೊತ್ತಿದಂತೆ ಕಾಣುತ್ತವೆ. ತಳದಲ್ಲಿ ಸಂಗ್ರಹವಾಗಿರುವ ಪೀಟ್ ಕೆಲವೆಡೆ ನಾಲ್ಕೂವರೆ ಮೀಟರ್ ದಪ್ಪವಿದೆ. ಅದರೊಳಗೆ ಹುಟ್ಟುವ ಮೀಥೇನ್ ಅನಿಲ ಒಮ್ಮೊಮ್ಮೆ ಪೀಟ್‌ನ ದೊಡ್ಡ ಹೆಂಟೆಯನ್ನೇ ಮೇಲಕ್ಕೆ ತೇಲಿಸಿಬಿಡುತ್ತದೆ, ಅದರ ಮೇಲೆ ಮೊದಲು ಹುಲ್ಲು, ಆಮೇಲೆ ಪೊದೆ, ಕೊನೆಗೆ ಮರವೇ ಬೇರೂರುತ್ತದೆ. ಹಸಿರು ಕಂಡಲ್ಲೆಲ್ಲ ಗಟ್ಟಿ ನೆಲವಿದೆಯೆಂದು ಮಕ್ಕಳು ಕಾಲಿಡದಂತೆ ನೋಡಿಕೊಳ್ಳಬೇಕಾದದ್ದು ಇದಕ್ಕಾಗಿಯೇ.

ಕೆರೆಯ ಮೂಲಕ ಸುಮಾರು ಮೂರು ಕಿಲೋಮೀಟರ್ ಹೋದರೆ ಬಿಲ್ಲೀಸ್ ಐಲ್ಯಾಂಡ್ ಸಿಗುತ್ತದೆ. ಒಂದು ಬೆಳಿಗ್ಗೆಯನ್ನು ಪೂರ್ತಿಯಾಗಿ ಅದಕ್ಕೇ ಇಡೋಣ. 1890ರ ದಶಕದಲ್ಲಿ ಒಂದು ಕಂಪನಿ ಕಾಲುವೆ ತೋಡಿ ಈ ಜವುಗನ್ನೇ ಬತ್ತಿಸಲು ಹೊರಟು ಸೋತಿತು. ಆಮೇಲೆ 1909ರಿಂದ 1927ರವರೆಗೆ ಇನ್ನೊಂದು ಕಂಪನಿ ನೀರಿನ ಮೇಲೆ ಕಂಬ ನೆಟ್ಟು ರೈಲು ಹಾಕಿ ಹಳೆಯ ಸೈಪ್ರೆಸ್ ಮರಗಳನ್ನು ಕಡಿದು ಸಾಗಿಸಿತು. ಆ ಕೆಲಸಗಾರರಿಗಾಗಿ ದ್ವೀಪದಲ್ಲಿ ಎದ್ದಿದ್ದ ಊರಿನಲ್ಲಿ ಸಿನಿಮಾ ಮಂದಿರವೂ ಇತ್ತು. ಈಗ ಉಳಿದಿರುವುದು ತುಕ್ಕು ಹಿಡಿದ ಕಬ್ಬಿಣ ಮತ್ತು ಅದಕ್ಕೂ ಮೊದಲಿನಿಂದ ಅಲ್ಲಿ ಬಾಳಿದ್ದ ಕುಟುಂಬದ ಒಂದು ಸಣ್ಣ ಸ್ಮಶಾನ. 1937ರಲ್ಲಿ ಈ ಪ್ರದೇಶವನ್ನು ವನ್ಯಜೀವಿ ಧಾಮವೆಂದು ಘೋಷಿಸಿದ್ದರಿಂದಲೇ ಇಂದು ನಾಲ್ಕು ಲಕ್ಷ ಎಕರೆಗೂ ಹೆಚ್ಚು ಜವುಗು ಉಳಿದಿದೆ. ಕಾಡು ಎಷ್ಟು ಬೇಗ ಹೋಗುತ್ತದೆ, ಎಷ್ಟು ನಿಧಾನವಾಗಿ ಮರಳುತ್ತದೆ ಎಂಬುದನ್ನು ನಮ್ಮ ಮಕ್ಕಳು ಆ ದ್ವೀಪದಲ್ಲಿ ನಿಂತು ನೋಡಬೇಕೆಂಬುದು ನನ್ನ ದೊಡ್ಡ ಆಸೆ.

ಅಲಿಗೇಟರ್‌ಗಳ ಬಗ್ಗೆ ನಿನ್ನ ಶ್ರೀಮತಿಯವರಿಗಿರುವ ಆತಂಕ ಸಹಜವಾದದ್ದು. ಮಾರ್ಚಿನ ಬಿಸಿಲಿಗೆ ಅವು ದಡದ ಮೇಲೆ ಮೈಕಾಯಿಸುತ್ತ ಮಲಗಿರುತ್ತವೆ, ಆದ್ದರಿಂದ ಖಂಡಿತ ಕಾಣಿಸುತ್ತವೆ. ಇಪ್ಪತ್ತು ಮೀಟರಿನಷ್ಟು ದೂರವಿದ್ದು, ನೀರಿಗೆ ಕೈಕಾಲು ಇಳಿಬಿಡದೆ, ತಿನ್ನಲು ಏನನ್ನೂ ಎಸೆಯದೆ ಇದ್ದರೆ ಅಪಾಯವಿಲ್ಲ. ಅವುಗಳಿಗೆ ಆಹಾರ ಹಾಕುವುದು ಜಾರ್ಜಿಯಾದಲ್ಲಿ ಕಾನೂನಿಗೇ ವಿರುದ್ಧ. ಅಲ್ಲಿ ಈಜುವುದಂತೂ ಇಲ್ಲವೇ ಇಲ್ಲ. ಮಕ್ಕಳು ದೋಣಿ ಹತ್ತುವ ಮೊದಲೇ ಲೈಫ್ ಜಾಕೆಟ್ ಕಟ್ಟಿಕೊಂಡಿರಬೇಕು, ಈ ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುವವನಲ್ಲ.

ಒಂದೇ ಒಂದು ಅನಿಶ್ಚಿತ ಸಂಗತಿ ನೀರಿನ ಮಟ್ಟ. ಮಳೆ ಕಡಿಮೆಯಾದ ವರ್ಷ ಇಕ್ಕಟ್ಟಾದ ದೋಣಿ ದಾರಿಗಳು ಮುಚ್ಚಿಹೋಗುತ್ತವೆ. ಬರಗಾಲದಲ್ಲಿ ಪೀಟ್ ಒಣಗಿ ಬೆಂಕಿಯೂ ಬೀಳುತ್ತದೆ, 2007 ಮತ್ತು 2011ರಲ್ಲಿ ಹಾಗೆಯೇ ಆಯಿತು. ಹೊರಡುವ ವಾರ ನಾನು ಪಾರ್ಕಿನ ಕಚೇರಿಗೆ ಫೋನ್ ಮಾಡಿ ವಿಚಾರಿಸುತ್ತೇನೆ. ನೀರು ಕಡಿಮೆಯಿದ್ದರೆ ಕೆರೆಯಲ್ಲಷ್ಟೇ ಸುತ್ತಾಡಿ, ಉಳಿದ ಹೊತ್ತನ್ನು ಮರದ ಹಲಗೆಯ ಕಾಲುದಾರಿಯಲ್ಲಿ ಕಳೆಯೋಣ.

ಶುಕ್ರವಾರದಿಂದ ಸೋಮವಾರದವರೆಗೆ ಮೂರು ರಾತ್ರಿಗೆ ಒಂದು ಕಾಟೇಜು ಸಾಕೇ, ಎರಡು ಬೇಕೇ ಎಂಬುದನ್ನು ಮನೆಯಲ್ಲಿ ಕೇಳಿ ಈ ಭಾನುವಾರದೊಳಗೆ ತಿಳಿಸು. ನಿನ್ನ ಉತ್ತರ ಬಂದ ದಿನವೇ ಹಣ ಕಟ್ಟಿಬಿಡುತ್ತೇನೆ. ತಾಯಿಯವರಿಗೆ ನನ್ನ ನಮಸ್ಕಾರ ಹೇಳು.

ಇಂತಿ ನಿನ್ನ ಪ್ರೀತಿಯ ಗೆಳೆಯ