ಪುಟ್ಟಿಗೆ, ಗಾಡಿ ಕೈಕೊಡೋ ವಿಷಯಕ್ಕೆ

ಸೋಮವಾರಪೇಟೆ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮನೆ ಸುದ್ದಿಯೆಲ್ಲ ನಿಮ್ಮಮ್ಮ ಫೋನಲ್ಲಿ ಹೇಳಿಯೇ ಇರುತ್ತಾಳೆ, ಅದನ್ನು ಬಿಡ್ತೇನೆ. ನಿನ್ನ ಪತ್ರದಲ್ಲಿ ನೀನಿರೋ ಚಳಿ ದೇಶದ ಕರಿಬೇವಿನ ರೇಟು ಬರೆದ ಮೇಲೆ ಒಂದು ಸಾಲು ಹಾಕಿದ್ದೀಯಲ್ಲ: ‘ರಾತ್ರಿ ಶಿಫ್ಟ್ ಮುಗಿಸಿ ಬಂದಾಗ ಗಾಡಿ ಒಂದಿನ ಪೂರ್ತಿ ಕೈಕೊಟ್ರೆ ಏನ್ಮಾಡೋದು ದೊಡ್ಡಪ್ಪ, ಆ ಹೊತ್ತಲ್ಲಿ ಪಾರ್ಕಿಂಗ್‌ನಲ್ಲಿ ಒಂದು ನರಪಿಳ್ಳೆ ಇರಲ್ಲ.’ ಬೇರೆ ಯಾರೂ ಆ ಸಾಲನ್ನು ಗಮನಿಸಿದ ಹಾಗಿಲ್ಲ. ನನಗೆ ಮಾತ್ರ ಅದರಾಚೆಗೆ ಓದೋಕೇ ಆಗಲಿಲ್ಲ.

ಮೈನಸ್ 28 ಡಿಗ್ರಿ ಚಳಿ ಅಂದರೆ ಏನು ಅಂತ ಈ ಮನೆಯಲ್ಲಿ ನನಗೊಬ್ಬನಿಗೇ ಗೊತ್ತಿರೋದು. ಲಡಾಖ್‌ನ ದ್ರಾಸ್‌ನಲ್ಲಿ ನಾವು ಸೈನ್ಯದ ಶಕ್ತಿಮಾನ್ ಲಾರಿಗಳನ್ನು ರಾತ್ರಿ ನಿಲ್ಲಿಸಿದರೆ ರೇಡಿಯೇಟರ್ ನೀರು ಖಾಲಿ ಮಾಡಿ ಮಲಗಬೇಕಿತ್ತು, ಬೆಳಿಗ್ಗೆ ನೀರು ಕಾಯಿಸಿ ಹುಯ್ಯಬೇಕಿತ್ತು. ಡೀಸೆಲ್ ಮೇಣವಾಗಿ ಫಿಲ್ಟರ್ ಕಟ್ಟಿಕೊಳ್ಳೋದು. ಇಂಜಿನ್ ತಳದ ಸಂಪ್‌ನ ಆಯಿಲ್ ಹಲಸಿನ ಅಂಟಿನ ಹಾಗೆ ಗಟ್ಟಿ. ಇಂಜಿನ್ ಕೆಳಗೆ ಬ್ಲೋಲ್ಯಾಂಪ್ ಹಿಡಿದು ಅದನ್ನು ಕರಗಿಸೋರು. ನೀನು ದಯವಿಟ್ಟು ಅಂಥದ್ದಕ್ಕೆಲ್ಲ ಕೈ ಹಾಕಬೇಡ, ನಿನ್ನದು ಪೆಟ್ರೋಲ್ ಗಾಡಿ. ಲಡಾಖ್‌ಗೆ ಅಂತಲೇ ಮೈನಸ್ 33ರಲ್ಲೂ ಹರಿಯೋ ಡೀಸೆಲ್ ಬಂದದ್ದು 2019ರಲ್ಲಿ. ಪೇಪರಲ್ಲಿ ಓದಿ ಸ್ವಲ್ಪ ಹೊಟ್ಟೆ ಉರಿಯಿತು, ನಿಜ ಹೇಳ್ತೇನೆ.

ಆಗ ಲಾರಿ ಕೈಕೊಟ್ಟರೆ ಸುತ್ತ ನಲವತ್ತು ಲಾರಿ, ನಲವತ್ತು ಜನ ಇರುತ್ತಿದ್ದರು. ನೀನು ಒಬ್ಬಳೇ. ಅದೇ ನನ್ನನ್ನು ಕೊರೆಯೋದು.

ಚಳಿಗೆ ಗಾಡಿ ಸ್ಟಾರ್ಟ್ ಆಗೋಕೆ ತಿಣುಕುತ್ತೆ ಅಂದದ್ದಕ್ಕೆ ನಿನ್ನ ಮೆಕ್ಯಾನಿಕ್ ‘ಸೆನ್ಸರ್ ಇರಬಹುದು’ ಅಂದನಂತೆ. ಇಷ್ಟು ದೂರದಿಂದ ಹೇಳೋದು ತಪ್ಪೇನೋ, ಆದರೂ ನನಗೆ ಒಪ್ಪಿಗೆಯಾಗಲಿಲ್ಲ. ಇಂಜಿನ್ ಬಿಸಿ ಅಳೆಯೋ ಸೆನ್ಸರ್ ಕೆಟ್ಟರೆ, ಗಾಡಿಯ ಕಂಪ್ಯೂಟರ್ ಬಿಡೋ ಪೆಟ್ರೋಲಿನ ಅಳತೆ ತಪ್ಪಬಹುದು. ಆಗ ಸೆಲ್ಫ್ ಹೊಡೆದರೆ ಚುರುಕಾಗಿಯೇ ತಿರುಗುತ್ತೆ, ಆದರೆ ಹತ್ತಲ್ಲ. ನೀನು ಬರೆದಿರೋದು ಬೇರೆ: ‘ಗುರ್... ಗುರ್...’ ಅಂತ ಎಳೆದೆಳೆದು ತಿರುಗುತ್ತೆ, ಡ್ಯಾಶ್‌ಬೋರ್ಡ್ ಲೈಟ್ ಮಂಕಾಗುತ್ತೆ, ಒಮ್ಮೆ ಹತ್ತಿದರೆ ದಿನವಿಡೀ ತೊಂದರೆಯಿಲ್ಲ. ಅದು ಬ್ಯಾಟರಿ, ಇಲ್ಲವೇ ಅದಕ್ಕೆ ವೈರು ಕಚ್ಚೋ ಟರ್ಮಿನಲ್. ಮೈನಸ್ 18ಕ್ಕೇ ಬ್ಯಾಟರಿಯ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತೆ, ಅದೇ ಹೊತ್ತಿಗೆ ಗಟ್ಟಿಯಾದ ಆಯಿಲ್ ಎರಡು ಪಟ್ಟು ಬಲ ಕೇಳುತ್ತೆ. ಐದು ವರ್ಷದ ಬ್ಯಾಟರಿ ಎಲ್ಲಿಂದ ಕೊಡುತ್ತೆ? ಸಾಲದ್ದಕ್ಕೆ ಮನೆಯಿಂದ ಆಸ್ಪತ್ರೆಗೆ ಹತ್ತು ನಿಮಿಷದ ದಾರಿ, ಅಷ್ಟರಲ್ಲೇ ಸೀಟ್ ಹೀಟರ್, ಹಿಂದಿನ ಗಾಜಿನ ಹೀಟರ್ ಎಲ್ಲ ಹಾಕ್ತೀಯ. ಅದಕ್ಕೆ ಚಾರ್ಜ್ ತುಂಬೋಕೆ ಬಿಡುವೇ ಸಿಗಲ್ಲ.

ಮೆಕ್ಯಾನಿಕ್ ಹತ್ತಿರ ಬ್ಯಾಟರಿ ಲೋಡ್ ಟೆಸ್ಟ್ ಮಾಡಿಸು, ಭಾರ ಹಾಕಿ ಅದರ ಬಲ ನೋಡೋದು. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ವೋಲ್ಟ್ ಇರಬೇಕು, 12.2 ಇದ್ದರೆ ಅರ್ಧ ಖಾಲಿ ಅಂತ. ಸೆಲ್ಫ್ ಹೊಡೆಯುವಾಗ ಒಂಬತ್ತೂವರೆಗಿಂತ ಕೆಳಗೆ ಬಿದ್ದರೆ ಹೊಸದು ಹಾಕಿಸಿಬಿಡು, ದುಡ್ಡಿನ ಮುಖ ನೋಡಬೇಡ. ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕಟ್ಟಿದೆಯಾ ನೋಡು.

ಅಲ್ಲಿ ಪಾರ್ಕಿಂಗ್‌ನಲ್ಲೇ ಕರೆಂಟಿನ ಕಂಬಗಳು ಇರ್ತವೆ ಅಂತ ಬರೆದಿದ್ದೀಯ, ನಿನ್ನ ಗಾಡಿ ಮುಂದಿನ ಜಾಲರಿಯಿಂದ ಒಂದು ಪ್ಲಗ್ ನೇತಾಡುತ್ತೆ ಅಂತಲೂ. ಅದು ಕರೆಂಟಿನಿಂದ ಇಂಜಿನ್ ಬಿಸಿ ಮಾಡೋ ಬ್ಲಾಕ್ ಹೀಟರ್, ತಾಯಿ! ಎರಡು ಚಳಿಗಾಲ ಅದನ್ನು ಸುಮ್ಮನೆ ನೇತಾಡೋಕೆ ಬಿಟ್ಟೆಯಲ್ಲ. ಕೆಲವೆಡೆ ಆ ಕಂಬಕ್ಕೆ ಟೈಮರ್ ಇರುತ್ತಂತೆ, ವಿಚಾರಿಸು. ಹೊರಡೋಕೆ ಮೂರು-ನಾಲ್ಕು ಗಂಟೆ ಮೊದಲು ಬಿಸಿ ಶುರುವಾದರೆ ಸಾಕು. ವೈರು ಚಳಿಗೆ ಸೆಡೆತು ಒಳಗೇ ತುಂಡಾಗಿರಬಹುದು. ಮೆಕ್ಯಾನಿಕ್ ಮೀಟರ್ ಹಚ್ಚಿದಾಗ 20ರಿಂದ 40 ಓಮ್ ತೋರಿಸಿದರೆ ಜೀವ ಇದೆ ಅಂತ.

ಇಷ್ಟೆಲ್ಲ ಬರೆದರೂ ನಿನ್ನ ಪ್ರಶ್ನೆಗೆ ಉತ್ತರ ಕೊಟ್ಟ ಹಾಗಾಗಲಿಲ್ಲ. ‘ಪೂರ್ತಿ ಕೈಕೊಟ್ರೆ?’

ಕೈಕೊಟ್ಟರೆ ಇಳಿದು ವಾಪಸ್ ಆಸ್ಪತ್ರೆಯೊಳಗೆ ಹೋಗು. ಅದಕ್ಕೂ ಮೊದಲು ಮೂರು ಸಲ ಸೆಲ್ಫ್ ಹೊಡಿ, ಒಂದೊಂದಕ್ಕೂ ಹತ್ತು ಸೆಕೆಂಡ್ ಮೀರಬೇಡ, ನಡುವೆ ಒಂದೆರಡು ನಿಮಿಷ ಬಿಡು. ಅಷ್ಟೇ. ‘ಇನ್ನೊಂದು ಸಲ ನೋಡೋಣ’ ಅಂತ ಆ ತಣ್ಣಗಿನ ಸೀಟಿನಲ್ಲಿ ಕೂತಿರಬೇಡ. ಒಳಗೆ ಬಿಸಿಯಲ್ಲಿ ನಿಂತು ಫೋನ್ ಮಾಡು, ಸೆಕ್ಯುರಿಟಿಯವರನ್ನು ಕರಿ. ನಾಚಿಕೆ ಬೇಡ.

ನಾಚಿಕೆ ಅಂದಾಗ ನೆನಪಾಯಿತು. ನಾನು ದ್ರಾಸ್‌ನಿಂದ ಅವ್ವನಿಗೆ ಬರೆದ ಇನ್‌ಲ್ಯಾಂಡ್ ಲೆಟರ್‌ಗಳೆಲ್ಲ ಪೆಟ್ಟಿಗೆಯಲ್ಲಿವೆ. ಎಲ್ಲದರಲ್ಲೂ ‘ಕ್ಷೇಮ, ಚಳಿ ಸ್ವಲ್ಪ ಜಾಸ್ತಿ’ ಅಷ್ಟೇ. ಕೈಬೆರಳು ಸತ್ತ ಹಾಗಾಗಿ ಸ್ಪ್ಯಾನರ್ ಹಿಡಿಯೋಕಾಗದೆ ಅತ್ತದ್ದನ್ನು ಬರೆಯಲೇ ಇಲ್ಲ. ಅವ್ವ ತೀರಿಕೊಂಡ ಮೇಲೆ, ಹೇಳಬಹುದಿತ್ತಲ್ಲ ಅಂತ ಬಹಳ ಸಲ ಅನ್ನಿಸಿದೆ. ನೀನು ಕರಿಬೇವಿನ ಪಕ್ಕದಲ್ಲಾದರೂ ಬರೆದೆ. ಭಯ ಆದ ರಾತ್ರಿ ನನಗೆ ಫೋನ್ ಮಾಡು, ಇಲ್ಲಿ ಆಗ ಹಗಲೇ ಇರುತ್ತೆ.

ಹಿಂದಿನ ಸೀಟಲ್ಲಿ ಕಂಬಳಿ, ಬೇರೆ ಗಾಡಿ ಬ್ಯಾಟರಿಯಿಂದ ‘ಜಂಪ್’ ಕೊಟ್ಟು ಸ್ಟಾರ್ಟ್ ಮಾಡೋ ಜಂಪರ್ ಕೇಬಲ್ ಇಟ್ಟುಕೋ. ಟ್ಯಾಂಕ್ ಅರ್ಧಕ್ಕಿಂತ ಇಳಿಯೋಕೆ ಬಿಡಬೇಡ. ಗಾಡಿ ಬಿಸಿ ಮಾಡೋಕೆ ಅಂತ ಮುಚ್ಚಿದ ಗ್ಯಾರೇಜಲ್ಲಿ ಇಂಜಿನ್ ಓಡಿಸಬೇಡ, ಆ ಹೊಗೆಯಲ್ಲಿರೋ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಾನಿಲ ವಾಸನೆಯೂ ತೋರಿಸದೆ ಜೀವ ತೆಗೆಯುತ್ತೆ.

ಇತಿ,
ನಿನ್ನ ದೊಡ್ಡಪ್ಪ

ಮರೆತಿದ್ದೆ: ಪೂರ್ತಿ ಖಾಲಿಯಾದ ಬ್ಯಾಟರಿ ಚಳಿಗೆ ಹೆಪ್ಪುಗಟ್ಟುತ್ತೆ. ಅದರ ಹೊಟ್ಟೆ ಉಬ್ಬಿದ್ದರೆ ಜಂಪ್ ಕೊಡೋಕೆ ಯಾರಿಗೂ ಬಿಡಬೇಡ, ಸಿಡಿಯಬಹುದು. ಜಂಪ್ ಕೊಡುವಾಗ ಕಪ್ಪು ಕ್ಲಿಪ್ಪಿನ ಕೊನೆ ತುದಿಯನ್ನು ನಿನ್ನ ಬ್ಯಾಟರಿಗಲ್ಲ, ಇಂಜಿನ್ನಿನ ಬರಿ ಲೋಹಕ್ಕೆ ಹಚ್ಚಬೇಕು. ಲೋಡ್ ಟೆಸ್ಟ್‌ನಲ್ಲಿ ಎಷ್ಟು ಬಂತು ಅಂತ ಬರಿ.