ಕಾಲುವೆಯೋ, ತೂಬೋ

ಮಾಸ್ಟ್ರಿಕ್ಟ್, ನೆದರ್ಲೆಂಡ್ಸ್

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾನು ಕ್ಷೇಮ. ಮೊನ್ನೆ ವಿಡಿಯೋ ಕಾಲ್‌ನಲ್ಲಿ ಪ್ಲಾಸ್ಟರ್ ಬಿಚ್ಚಿದ ಕಾಲು ತೋರಿಸಿ, "ಕೊಕ್ಕರೆ ಕಾಲಾಗಿದೆ ನೋಡವ್ವ. ಸ್ನಾಯುವಿನ ಮೇಲೇ ಓದ್ತಿದ್ದೀಯಲ್ಲ, ಇಲ್ಲಿದ್ದ ಮಾಂಸ ಎಲ್ಲಿಗೆ ಹೋಯ್ತು ಹೇಳು" ಅಂದಿರಿ. ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಫೋನಿನಲ್ಲಿ ಹೇಳಿ ಮುಗಿಸುವ ವಿಷಯವೂ ಅಲ್ಲ ಅದು. ಅದಕ್ಕೇ ಈ ಕಾಗದ.

ನಾನು ಹೈಸ್ಕೂಲಿನಲ್ಲಿದ್ದಾಗ ಕೆರೆ ನೀರು ದಿನಾ ಇಳಿಯುತ್ತಿತ್ತಲ್ಲ. ಅರ್ಧ ಊರು ತೂಬು ಸೋರುತ್ತಿದೆ ಅಂದರೆ, ಇನ್ನರ್ಧ ಊರು ಕೆರೆಗೆ ನೀರು ತರುವ ಕಾಲುವೆಯಲ್ಲಿ ಹೂಳು ತುಂಬಿದೆ ಅಂದಿತು. ನೀವು ಕಾಲುವೆ ಬಾಯಿಗೆ ಮರಳು ಮೂಟೆ ಒಡ್ಡಿಸಿ, ಕಲ್ಲಿನ ಮೇಲೆ ಸುಣ್ಣದ ಗೆರೆ ಎಳೆದು, ಒಂದು ರಾತ್ರಿ ಬಿಟ್ಟು ನೋಡಿದಿರಿ. ನಾನಿಲ್ಲಿ ಮಾಡುತ್ತಿರುವುದೂ ಅದನ್ನೇ. ಕೆರೆ ಮಾತ್ರ ಅಂಗೈ ಅಗಲದ ತಟ್ಟೆಯಲ್ಲಿದೆ.

ಸ್ನಾಯುವಿನ ಪ್ರೋಟೀನು ಒಮ್ಮೆ ಕಟ್ಟಿದ ಗೋಡೆಯಲ್ಲ. ಒಂದು ಕಡೆ ಕಟ್ಟುತ್ತಿರುತ್ತದೆ, ಅದು ಕಾಲುವೆ; ಇನ್ನೊಂದು ಕಡೆ ಕರಗುತ್ತಿರುತ್ತದೆ, ಅದು ತೂಬು. ಇದನ್ನು ತೋರಿಸಿಕೊಟ್ಟವರು ರುಡಾಲ್ಫ್ ಶೋನ್‌ಹೈಮರ್. 1933ರಲ್ಲಿ ಜರ್ಮನಿ ಬಿಟ್ಟು ನ್ಯೂಯಾರ್ಕ್ ಸೇರಿದವರು. ಗುರುತಿಗಾಗಿ ಭಾರದ ನೈಟ್ರೋಜನ್ ಬೆರೆಸಿದ ಅಮೈನೊ ಆಮ್ಲವನ್ನು, ಅಂದರೆ ಪ್ರೋಟೀನಿನ ಇಟ್ಟಿಗೆಯನ್ನು, ಬೆಳೆದ ಇಲಿಗಳಿಗೆ ತಿನ್ನಿಸಿದರು. ಪ್ರೋಟೀನು ಗೋಡೆಯೇ ಆಗಿದ್ದರೆ, ತೂಕ ಹೆಚ್ಚದ ಇಲಿ ಅದನ್ನೆಲ್ಲ ಮೂತ್ರದಲ್ಲಿ ಹೊರಹಾಕಬೇಕಿತ್ತು. ಆದರೆ ಅರ್ಧಕ್ಕಿಂತ ಹೆಚ್ಚು ಮೈಯ ಪ್ರೋಟೀನಿನೊಳಗೇ ಸೇರಿಕೊಂಡಿತ್ತು. ಮಟ್ಟ ಅಲ್ಲಾಡದಿದ್ದರೂ ನೀರು ಹರಿಯುತ್ತಲೇ ಇತ್ತು.

ನನ್ನ ತಟ್ಟೆಯಲ್ಲಿರುವುದು ಇಲಿಯ ತೊಡೆಯಿಂದ ಬಂದ ಜೀವಕೋಶಗಳ ಸಂತತಿ. 1977ರಲ್ಲಿ ಇಸ್ರೇಲಿನಲ್ಲಿ ಬೇರ್ಪಡಿಸಿದ್ದು, ಇವತ್ತಿಗೂ ಬೆಳೆಸುತ್ತಾರೆ. ಸತ್ವ ಕಡಿಮೆ ಮಾಡಿ, ನೂರಕ್ಕೆ ಎರಡು ಪಾಲು ಕುದುರೆಯ ಸೀರಂ (ರಕ್ತದ ತಿಳಿ) ಮಾತ್ರ ಕೊಟ್ಟರೆ ಐದಾರು ದಿನದಲ್ಲಿ ಒಂದಕ್ಕೊಂದು ಬೆಸೆದು ಉದ್ದನೆ ಎಳೆಗಳಾಗುತ್ತವೆ. ಒಮ್ಮೊಮ್ಮೆ ತಾವಾಗಿಯೇ ಮಿಡಿಯುತ್ತವೆ. ಮೊದಲ ಸಲ ಕಂಡಾಗ ಕೈಯಲ್ಲಿದ್ದ ಪೆನ್ನು ಬಿಟ್ಟಿದ್ದೆ.

ಕಾಲುವೆ ಅಳೆಯುವುದಕ್ಕೆ ಪ್ಯೂರೊಮೈಸಿನ್ ಅನ್ನುವ ಔಷಧಿ ಇದೆ. ಕಟ್ಟಡದ ಸಾಲಿಗೆ ಇಟ್ಟಿಗೆಯ ವೇಷ ಹಾಕಿಕೊಂಡು ನುಗ್ಗುತ್ತದೆ, ಅಲ್ಲಿಗೆ ಆ ಸಾಲು ನಿಂತುಹೋಗುತ್ತದೆ. ಚಿಟಿಕೆಯಷ್ಟು, ಅರ್ಧ ಗಂಟೆ ಮಾತ್ರ ಕೊಟ್ಟು, ಎಷ್ಟು ಸಾಲುಗಳಿಗೆ ಸೇರಿದೆ ಅಂತ ಅದಕ್ಕೇ ಅಂಟಿಕೊಳ್ಳುವ ಆಂಟಿಬಾಡಿಯಿಂದ ಹುಡುಕಿದರೆ ಕಟ್ಟುವ ವೇಗ ತಿಳಿಯುತ್ತದೆ. ವಿಕಿರಣ ಬೇಡದ ಈ ಉಪಾಯ 2009ರಲ್ಲಿ ಫ್ರಾನ್ಸಿನಿಂದ ಬಂತು. ಕಳೆದ ವಾರ ಯಾರದೋ ಜೊತೆ ಹರಟುತ್ತ ಅರ್ಧ ಗಂಟೆಯನ್ನು ಐವತ್ತು ನಿಮಿಷ ಮಾಡಿದೆ, ಲೆಕ್ಕ ತೋರಿಸುವ ಪಟ್ಟೆಗಳೆಲ್ಲ ಕಾಡಿಗೆಯಂತೆ ಕಪ್ಪಾದವು. ಆರು ದಿನ ಬೆಳೆಸಿದ ತಟ್ಟೆಗಳು ಚರಂಡಿ ಪಾಲು.

ತೂಬಿನ ಕಡೆಯೇ ಕಷ್ಟ. ಫೀನೈಲಲನಿನ್ ಅನ್ನುವ ಅಮೈನೊ ಆಮ್ಲವನ್ನು ಸ್ನಾಯು ತಯಾರಿಸಲಾರದು, ಉರಿಸಲೂ ಆರದು. ಹಾಗಾಗಿ ಅದು ಹೊರಬಂದರೆ ಪ್ರೋಟೀನು ಕರಗಿದ್ದಕ್ಕೆ ಲೆಕ್ಕ. ಆದರೆ ತೂಬಿನಿಂದ ಹೋದ ನೀರನ್ನೇ ಯಾರೋ ಪಂಪ್ ಹಚ್ಚಿ ಮತ್ತೆ ಕೆರೆಗೆ ಬಿಟ್ಟರೆ? ಜೀವಕೋಶ ಹಾಗೇ ಮಾಡುತ್ತದೆ, ಕರಗಿದ್ದನ್ನು ಎತ್ತಿ ಮತ್ತೆ ಕಟ್ಟುತ್ತದೆ. ನಿಮ್ಮ ಮರಳು ಮೂಟೆಯ ಹಾಗೆ ಕಟ್ಟುವುದನ್ನೇ ಔಷಧಿಯಿಂದ ನಿಲ್ಲಿಸಬಹುದು. ಆಗ ಅಮೈನೊ ಆಮ್ಲಗಳು ಒಳಗೆ ಗುಡ್ಡೆ ಬಿದ್ದು, ಕರಗಿಸುವ ಕೆಲಸವೂ ಮಂದವಾಗುತ್ತದೆ. ಅಳೆಯಲು ಹೋದವರೇ ಕೆರೆ ಕದಡಿದಂತೆ. ಅದಕ್ಕೇ ಈಗ ಮೊದಲು ಗುರುತು ಹಾಕಿದ ಫೀನೈಲಲನಿನ್ ಉಣ್ಣಿಸಿ, ಆಮೇಲೆ ಗುರುತಿಲ್ಲದ್ದನ್ನು ಧಾರಾಳವಾಗಿ ಸುರಿಯುತ್ತೇನೆ. ಆ ಗುಂಪಿನಲ್ಲಿ ಗುರುತಿನದ್ದು ಮರಳಿ ಒಳಸೇರುವುದು ಅಪರೂಪ.

ಇನ್ನು ನಿಮ್ಮ ಕಾಲು. ಇದೇ ಊರಿನ ವಿಶ್ವವಿದ್ಯಾಲಯದವರು ಆರೋಗ್ಯವಂತ ಯುವಕರ ಒಂದು ಕಾಲಿಗೆ ಕಟ್ಟು ಹಾಕಿ ಅಳೆದು, 2014ರಲ್ಲಿ ಪ್ರಕಟಿಸಿದ್ದಾರೆ. ಐದೇ ದಿನಕ್ಕೆ ತೊಡೆಯ ಮುಂಭಾಗದ ಸ್ನಾಯು ಶೇ. 3.5ರಷ್ಟು, ಹದಿನಾಲ್ಕು ದಿನಕ್ಕೆ ಶೇ. 8.4ರಷ್ಟು ಇಳಿದಿತ್ತು. ನಿಮ್ಮದು ಆರು ವಾರ. ಕಾಲು ಅಲ್ಲಾಡದಿದ್ದರೆ ಕಟ್ಟುವ ಕೆಲಸ ತಗ್ಗುವುದು ಮನುಷ್ಯರಲ್ಲಿ ಕಂಡಿರುವ ಸಂಗತಿ. ಅಂದರೆ ಕಾಲುವೆಗೆ ಹೂಳು. ಸ್ನಾಯು ಕರಗಿಸುವ ಬಗೆಯ ಸ್ಟೀರಾಯ್ಡ್ ಸುರಿದ ನನ್ನ ತಟ್ಟೆಗಳಲ್ಲಾದರೆ ತೂಬೂ ಕಿತ್ತುಹೋಗುತ್ತದೆ.

ಅಮ್ಮನಿಗೆ ಇದನ್ನು ಓದಿ ಹೇಳಿ. ಇಲ್ಲಿಯವರು ಹಸುವಿನ ರಕ್ತಕ್ಕೇ ಗುರುತಿನ ಫೀನೈಲಲನಿನ್ ಏರಿಸಿ, ಗುರುತಿನ ಹಾಲು ಕರೆದಿದ್ದಾರೆ! ಆ ಹಾಲಿನ 20 ಗ್ರಾಂ ಪ್ರೋಟೀನು ಕುಡಿದ ಯುವಕರಲ್ಲಿ ಐದು ಗಂಟೆಯೊಳಗೆ ಅದರಲ್ಲಿ ಸುಮಾರು 2.2 ಗ್ರಾಂ ಸ್ನಾಯುವಿನೊಳಗೆ ಸೇರಿತ್ತು. ನಮ್ಮ ಗೌರಿಗೆ ಯಾರೂ ಸೂಜಿ ಚುಚ್ಚುವುದಿಲ್ಲ, ಹೆದರಬೇಡ ಅನ್ನಿ. ಹುರುಳಿ ಕಟ್ಟಿನ ಸಾರು ಮಾಡುತ್ತಿರಲಿ. ಆದರೆ ಸಾರು ಕುಡಿದು ಮಂಚ ಹಿಡಿದರೆ ಸಾಲದು, ಫಿಸಿಯೋದವರು ಹೇಳಿದ ಹಾಗೆ ಕುರ್ಚಿಯಿಂದ ಎದ್ದು ಕೂರಬೇಕು.

ಮುಂದಿನ ಭಾನುವಾರ ಎರಡೂ ತೊಡೆಯ ಸುತ್ತಳತೆ ಬರೆದಿಡಿ. ಮಂಡಿಚಿಪ್ಪಿನಿಂದ ಒಂದು ಗೇಣು ಮೇಲೆ, ಅಮ್ಮನ ಹೊಲಿಗೆ ಟೇಪಿನಲ್ಲಿ. ಟೇಪು ನೀರಿನ ಮಟ್ಟ ಮಾತ್ರ ಹೇಳುತ್ತದೆ, ನನಗೂ ಗೊತ್ತು. ಆದರೂ ಬರೆದಿಡಿ.

ಇಂತಿ ನಿಮ್ಮ ಪ್ರೀತಿಯ ಮಗಳು