ಗೆಳೆಯನಿಗೊಂದು ಪತ್ರ: ಕುರ್ಚಿ ಸಿಕ್ಕ ಮೇಲೆ

ಪ್ರೀತಿಯ ಗೆಳೆಯಾ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ಪಕ್ಷದವರು ಚುನಾವಣೆ ಗೆದ್ದ ಮೇಲೆ ಕೊಟ್ಟ ಮಾತು ನಡೆಸಲಿಲ್ಲ, 'ಕುರ್ಚಿ ಸಿಕ್ಕ ಮೇಲೆ ಎಲ್ಲರೂ ಅಷ್ಟೇ' ಅಂತ ಬರೆದಿದ್ದೀಯ. ಹಗಲು ರಾತ್ರಿ ಓಡಾಡಿ ಗೆಲ್ಲಿಸಿದವನು ನೀನು, ಬೇಸರ ಆಗದೆ ಇರುತ್ತದಾ? ಆದರೂ ಆ 'ಎಲ್ಲರೂ ಅಷ್ಟೇ' ಅನ್ನೋ ಮಾತು ನನಗೆ ಒಪ್ಪಿಗೆಯಾಗಲಿಲ್ಲ.

ಫ್ರಾನ್ಸಿನ ಮಿತ್ತೆರಾಂ ನೆನಪಾದರು. 1981ರ ಮೇ ತಿಂಗಳಲ್ಲಿ ಅಧ್ಯಕ್ಷರಾದ ಸಮಾಜವಾದಿ. ಬಂದವರೇ ಕನಿಷ್ಠ ಕೂಲಿ ಏರಿಸಿದರು. ಬ್ಯಾಂಕುಗಳನ್ನು, ದೊಡ್ಡ ಕೈಗಾರಿಕೆಗಳನ್ನು ಸರ್ಕಾರದ ವಶಕ್ಕೆ ತಂದರು. ದುಡಿಯುವವರಿಗೆ ವರ್ಷಕ್ಕೆ 5 ವಾರ ಸಂಬಳದ ರಜೆ ಕೊಟ್ಟರು. ಜನರ ಕೈಯಲ್ಲಿ ದುಡ್ಡು ಓಡಾಡಿದರೆ ಕಾರ್ಖಾನೆಗಳೂ ಓಡುತ್ತವೆ ಅಂತ ಲೆಕ್ಕ. ಜನ ಖರ್ಚೇನೋ ಮಾಡಿದರು. ಆದರೆ ಅದರಲ್ಲಿ ಬಹಳಷ್ಟು ಹೊರದೇಶದ ಸಾಮಾನಿಗೇ ಹೋಯಿತು. ಅಕ್ಕಪಕ್ಕದ ದೇಶಗಳೋ ಫ್ರಾನ್ಸಿನ ಸಾಮಾನು ಹೆಚ್ಚು ಕೊಳ್ಳದೆ ಕೈ ಬಿಗಿ ಹಿಡಿದು ಕೂತಿದ್ದವು. ಎರಡು ವರ್ಷದೊಳಗೆ ಮೂರು ಸಲ ಅಲ್ಲಿನ ನಾಣ್ಯ ಫ್ರಾಂಕ್‌ನ ಬೆಲೆ ಇಳಿಸಬೇಕಾಯಿತು. 1983ರ ಮಾರ್ಚ್ ಹೊತ್ತಿಗೆ ಅದೇ ಸರ್ಕಾರ ಖರ್ಚು ಕಡಿತ ಮಾಡಿ, ತೆರಿಗೆ ಏರಿಸಿತು. ನಂಬಿ ವೋಟು ಹಾಕಿದವರಿಗೆ ಎಷ್ಟು ನೋವಾಗಿರಬೇಕು!

ಈಗ ಅವರದೇ ಇನ್ನೊಂದು ಕೆಲಸ ನೋಡು. ಚುನಾವಣೆಗೆ ಮುಂಚೆ ಮಿತ್ತೆರಾಂ ಟಿವಿಯಲ್ಲಿ ಕೂತು, ತಾನು ಮರಣದಂಡನೆಗೆ ವಿರೋಧಿ ಅಂತ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಹೆಚ್ಚಿನ ಜನ ಆ ಶಿಕ್ಷೆ ಇರಲಿ ಅನ್ನುತ್ತಿದ್ದ ಕಾಲ ಅದು. ವೋಟು ಕೈ ತಪ್ಪುವ ಮಾತು, ಅಲ್ವಾ? ಗೆದ್ದ ಮೇಲೂ ಹಿಂದೆ ಸರಿಯಲಿಲ್ಲ. ಅದೇ 1981ರ ಸೆಪ್ಟೆಂಬರ್ 18ರಂದು ಸದನದಲ್ಲಿ ಮತಕ್ಕೆ ಹಾಕಿದರು. 363 ಜನ ರದ್ದಾಗಲಿ ಅಂದರು, 117 ಜನ ಬೇಡ ಅಂದರು. ತಲೆ ಕಡಿಯುವ ಯಂತ್ರ ಗಿಲೋಟಿನ್ ಆಮೇಲೆ ಯಾರ ಕತ್ತಿನ ಮೇಲೂ ಬೀಳಲಿಲ್ಲ. ಮಂದಿ ಅವರೇ, ಸರ್ಕಾರ ಅದೇ. ಒಂದು ಕಡೆ ಬೊಕ್ಕಸ ಕೈ ಕಟ್ಟಿತು. ಇನ್ನೊಂದು ಕಡೆ ಬೇಕಿದ್ದದ್ದು ಗಟ್ಟಿ ಮನಸ್ಸು ಮತ್ತು ಸದನದ ಬಹುಮತ. ಎರಡೂ ಇತ್ತು.

ಮನಸ್ಸೊಂದೇ ಸಾಕು ಅಂತಲೂ ನಾನು ಹೇಳುತ್ತಿಲ್ಲ. ಒಬಾಮ ಅಮೆರಿಕದ ಅಧ್ಯಕ್ಷರಾಗಿ ಅಧಿಕಾರ ಹಿಡಿದ ಎರಡೇ ದಿನಕ್ಕೆ, 2009ರ ಜನವರಿ 22ರಂದು, ಭಯೋತ್ಪಾದನೆಯ ಶಂಕೆಯ ಮೇಲೆ ಹಿಡಿದವರನ್ನು ಅಮೆರಿಕ ಕ್ಯೂಬಾದಲ್ಲಿ ಇಟ್ಟಿದ್ದ ಗ್ವಾಂಟನಾಮೊ ಸೆರೆಮನೆಯನ್ನು ವರ್ಷದೊಳಗೆ ಮುಚ್ಚುವ ಆದೇಶಕ್ಕೆ ಸಹಿ ಹಾಕಿದರು. ಮೇ ತಿಂಗಳಲ್ಲಿ ಅಲ್ಲಿನ ಸಂಸತ್ತಿನ ಮೇಲ್ಮನೆಯಾದ ಸೆನೆಟ್ 90–6 ಮತಗಳಿಂದ ಅದಕ್ಕೆ ದುಡ್ಡು ಕೊಡುವುದಿಲ್ಲ ಅಂದಿತು. ಅವರದೇ ಪಕ್ಷಕ್ಕೆ ಬಹುಮತ ಇದ್ದ ಸೆನೆಟ್ ಅದು! 8 ವರ್ಷದ ಮೇಲೆ ಅವರು ಹೊರಟಾಗ ಅಲ್ಲಿ ಇನ್ನೂ 41 ಜನ ಕೈದಿಗಳಿದ್ದರು. ಮೊದಲು ತಮ್ಮವರನ್ನು ಒಪ್ಪಿಸಿಕೊಂಡು, ಆಮೇಲೆ ಸಹಿ ಹಾಕಬೇಕಿತ್ತು ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ.

ಸಿಟ್ಟು ಬಿಡು ಅಂತ ನಾನು ಹೇಳಲಾರೆ. ಸುಮ್ನೆ ಒಂದು ಕೆಲಸ ಮಾಡು. ನಿಮ್ಮವರು ಕೊಟ್ಟ ಮಾತುಗಳನ್ನೆಲ್ಲ ಮತ್ತೊಮ್ಮೆ ತೆಗೆದು ನೋಡು. ಯಾವುದು ದುಡ್ಡಿಲ್ಲದೆ ನಿಂತಿದೆ, ಯಾವುದಕ್ಕೆ ಸದನ ಅಡ್ಡ ಬಂದಿದೆ, ಯಾವುದು ಬರೀ ಮನಸ್ಸಿಲ್ಲದೆ ನಿಂತಿದೆ ಅಂತ ನನಗೆ ಬರೆದು ಕಳಿಸು. ಆ ಕೊನೆಯದ್ದಕ್ಕೆ ನಾನೂ ನಿನ್ನ ಜೊತೆ ಬೀದಿಗೆ ಇಳಿಯುತ್ತೇನೆ.

ನಿನ್ನ ಪತ್ರಕ್ಕೆ ಕಾಯುವ,
ಗೆಳೆಯ